ಸಂಜೆನಾಡಿನ ಶ್ರುತಿಗಾರ

ಹಿಂದೆ, ಎಷ್ಟು ಹಿಂದೆ ಎಂದು ಕೇಳಿದರೆ ಹೇಳುವವರಿಗೂ ಗೊತ್ತಿಲ್ಲದಷ್ಟು ಹಿಂದೆ, ಹೊಂಗಿರಿ ಎಂಬ ಒಂದು ರಾಜ್ಯವಿತ್ತು. ಸುತ್ತಲಿನವರು ಮಾತ್ರ ಅದನ್ನು ಸಂಜೆನಾಡು ಎನ್ನುತ್ತಿದ್ದರು. ಯಾಕೆಂದರೆ ಅಲ್ಲಿ ಹೊತ್ತು ಮುಳುಗುತ್ತಿರಲಿಲ್ಲ. ಗಡಿಕಲ್ಲಿನ ಈಚೆ ಬೆಳಗಾಗುತ್ತಿತ್ತು, ಮಧ್ಯಾಹ್ನವಾಗುತ್ತಿತ್ತು, ರಾತ್ರಿಯಾಗುತ್ತಿತ್ತು. ಗಡಿಕಲ್ಲಿನ ಆಚೆ ಸೂರ್ಯ ಪಡುವಣ ಗುಡ್ಡದ ನೆತ್ತಿಯ ಮೇಲೆ ಕೂತವನು ಕೂತೇ ಇದ್ದ. ಆಚೆ ಹೋದ ವ್ಯಾಪಾರಿಗಳು ಮರಳಲಿಲ್ಲ. ಅವರನ್ನು ಹುಡುಕಿ ಹೋದ ಸೈನಿಕರೂ ಮರಳಲಿಲ್ಲ. ಗಡಿಕಲ್ಲಿಗೆ ಕಿವಿಯಿಟ್ಟರೆ ಒಳನಾಡಿನಿಂದ ಗುಂಯ್ ಎನ್ನುವ ಸಣ್ಣ ಸದ್ದೊಂದು ಕೇಳುತ್ತಿತ್ತು. ಮಕ್ಕಳು ಹಠ ಮಾಡಿದರೆ ತಾಯಂದಿರು, "ಗಡಿಕಲ್ಲಿನ ಹತ್ರ ಬಿಟ್ಟು ಬರ್ತೀನಿ ನೋಡು," ಎನ್ನುತ್ತಿದ್ದರು. ಮಕ್ಕಳು ತೆಪ್ಪಗಾಗುತ್ತಿದ್ದವು.

ಗಡಿಯ ಈಚೆ ಊರೂರು ತಿರುಗಿ ಆಟ ಆಡುವ ಒಂದು ಮೇಳವಿತ್ತು. ಮೇಳದಲ್ಲಿ ಬಣ್ಣ ಹಚ್ಚಿ ರಾಜನಾಗುವವರು, ರಾಣಿಯಾಗುವವರು, ರಕ್ಕಸರಾಗುವವರು ಇದ್ದರು. ಅವರ ಕತೆ ನಮಗೆ ಬೇಡ, ಅವರನ್ನು ಹೇಗೂ ಎಲ್ಲರೂ ನೋಡುತ್ತಾರೆ. ರಂಗದ ಮುಂದೆ ನೆಲ ತೋಡಿ ಮಾಡಿದ ಗುಳಿಯಲ್ಲಿ, ನೋಡುವ ಜನಕ್ಕೆ ಬೆನ್ನು ಹಾಕಿ ಕೂರುತ್ತಿದ್ದವರ ಕತೆ ಇದು. ಗುಳಿಯಲ್ಲಿ ಒಬ್ಬ ಮದ್ದಳೆಯವನು, ಒಬ್ಬ ತಾಳದವನು, ಒಬ್ಬ ಮುಖವೀಣೆಯವನು ಇರುತ್ತಿದ್ದರು. ಇನ್ನು ಮೂಲೆಯಲ್ಲಿ, ದೀಪದ ಎಣ್ಣೆ ತಲೆಯ ಮೇಲೆ ತೊಟ್ಟಿಕ್ಕುವ ಜಾಗದಲ್ಲಿ, ಶ್ರುತಿ ಹಿಡಿಯುವವನು. ಅವನ ಹೆಸರು ಚೆನ್ನಿಗ.

ಹೆಸರು ಚೆನ್ನಿಗನಾದರೂ ಊದಿ ಊದಿ ಅವನ ಕೆನ್ನೆಗಳು ಜೋತುಬಿದ್ದಿದ್ದವು. ಅವನ ವಾದ್ಯವೆಂದರೆ ಒಂದು ಒಣಸೋರೆಬುರುಡೆ, ಅದಕ್ಕೆ ಸಿಕ್ಕಿಸಿದ ಬಿದಿರಿನ ಕೊಳವೆ. ಅದರಿಂದ ಹೊರಡುವುದು ಒಂದೇ ಸ್ವರ. ಆಟ ಶುರುವಾದಾಗ ಊದಲು ಕೂತರೆ ಮುಗಿಯುವ ತನಕ ಅದೇ ಸ್ವರ. ಮೂಗಿನಿಂದ ಗಾಳಿ ಎಳೆದುಕೊಳ್ಳುತ್ತ, ಕೆನ್ನೆಯಲ್ಲಿ ಕೂಡಿಟ್ಟುಕೊಳ್ಳುತ್ತ, ಬಾಯಿಂದ ಬಿಡುತ್ತ, ನಡುವೆ ಎಲ್ಲೂ ಕಡಿಯದ ಹಾಗೆ ಊದಬೇಕು. ಸೀನು ಬಂದರೆ ನುಂಗಿಕೊಳ್ಳಬೇಕು. ಸೊಳ್ಳೆ ಕಚ್ಚಿದರೆ ಕಚ್ಚಿಸಿಕೊಳ್ಳಬೇಕು. ಇಷ್ಟೆಲ್ಲ ಮಾಡಿದರೂ ಅವನೊಬ್ಬ ಅಲ್ಲಿದ್ದಾನೆಂದು ಯಾರಿಗೂ ನೆನಪಿರುತ್ತಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಹಾಗೆಯೇ ರಾಜವೇಷದವನ ಗಂಟಲು ಕೆಟ್ಟ ದಿನ ಮಾತ್ರ, "ಶ್ರುತಿಯೇ ಸರಿಯಿಲ್ಲ," ಎಂದು ಚೆನ್ನಿಗನ ಹೆಸರು ಬರುತ್ತಿತ್ತು.

ಗುಳಿಯ ಮೂಲೆಯಿಂದ ಅವನಿಗೆ ಕಾಣುತ್ತಿದ್ದದ್ದು ಬಣ್ಣದವರ ಪಾದಗಳು ಮಾತ್ರ. ಮುಖ ನೋಡಿ ಜನರ ಗುರುತು ಹಿಡಿಯುವುದು ಅವನಿಗೆ ಅಷ್ಟಾಗಿ ಬರುತ್ತಿರಲಿಲ್ಲ. ಸಂತೆಯಲ್ಲಿ ಎದುರಾದವರ ಕಾಲು ನೋಡಿ ನಮಸ್ಕಾರ ಹೇಳುತ್ತಿದ್ದ. ಹೆದರಿಕೆಯಾದಾಗ, ಏನು ಹೇಳಬೇಕೆಂದು ತೋಚದಾಗ, ಎಡಗಿವಿಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ನಿಲ್ಲುತ್ತಿದ್ದ. ತೊಟ್ಟಿಲ ಕಾಲದ ಚಾಳಿ, ಗಡ್ಡಮೀಸೆ ಬಂದರೂ ಬಿಟ್ಟಿರಲಿಲ್ಲ. ಅದಕ್ಕೆ ಮೇಳದವರು ನಗುತ್ತಿದ್ದರು.

ಅವನ ಕೆಲಸದಲ್ಲಿ ಒಂದೇ ಒಂದು ದೊಡ್ಡಸ್ತಿಕೆ ಇತ್ತು. ಆಟದ ಕೊನೆಯ ಹಾಡು ಮುಗಿದ ಕೂಡಲೇ ಶ್ರುತಿಯವನು ಒಂದು ಉಸಿರಿನಷ್ಟು ಹೊತ್ತು ಸುಮ್ಮನಾಗಬೇಕು. ಆ ಮೌನವೇ ಗುರುತು. ಅದು ಕಿವಿಗೆ ಬಿದ್ದರೆ ಬಣ್ಣದವರಿಗೆ ಆಟ ಮುಗಿಯಿತೆಂದು ತಿಳಿಯುತ್ತದೆ, ಅವರು ಕೈಮುಗಿದು ಮಂಗಳ ಹಾಡುತ್ತಾರೆ. ಮಂಗಳ ಹಾಡುವ ತನಕ ರಾಜ ರಾಜನೇ, ರಕ್ಕಸ ರಕ್ಕಸನೇ. ಮಂಗಳವಾದ ಮೇಲೆ ಎಲ್ಲರೂ ಬಣ್ಣ ತೊಳೆದು ಮನುಷ್ಯರಾಗಿ ಊಟಕ್ಕೆ ಕೂರಬಹುದು.

ಚೆನ್ನಿಗನನ್ನು ಸಾಕಿ, ಈ ಕೆಲಸ ಕಲಿಸಿದವನು ಓಬಜ್ಜ. ಎರಡೂ ಕಣ್ಣಿಲ್ಲದ ಮುದುಕ. ಒಂದು ಬೆಳಿಗ್ಗೆ ಆಟ ಮುಗಿದ ಮೇಲೆ ಅಜ್ಜ ಚೆನ್ನಿಗನ ಎದೆಯ ಮೇಲೆ ಕೈಯಿಟ್ಟು ನೋಡಿದ. ಇರುಳಿಡೀ ಊದಿದ್ದರೂ ಉಸಿರು ಒಂದಿಷ್ಟೂ ಮೇಲೆ ಕೆಳಗೆ ಆಗಿರಲಿಲ್ಲ. ಆಮೇಲೆ ಅವನ ತಲೆ ಸವರಿದ. ಕಿವಿಯ ಬಳಿ ಕೂದಲು ಒರಟಾಗಿತ್ತು.

"ನರೆ ಬಂತೇನೋ ಮಗಾ?"

"ಒಂದೆರಡು ಬಂದಿದೆ, ಅಜ್ಜ."

"ಇನ್ನು ಕಾಯೋ ಹಾಗಿಲ್ಲ," ಎಂದು ಓಬಜ್ಜ ನಿಟ್ಟುಸಿರಿಟ್ಟ. "ನಿನ್ನ ತಾಯಿ ಸತ್ತಿಲ್ಲ ಕಣೋ. ಸಂಜೆನಾಡಲ್ಲಿ ಇನ್ನೂ ಹಾಡ್ತಾ ಇದ್ದಾಳೆ."

ಚೆನ್ನಿಗ ಕಿವಿಯ ತುದಿ ಹಿಡಿದುಕೊಂಡು ಕೂತುಬಿಟ್ಟ. ಅಜ್ಜ ಹೇಳಿದ ಕತೆ ಇದು.

ಆ ದಿನ ಹೊಂಗಿರಿಯ ಅರಮನೆಯ ರಂಗದಲ್ಲಿ ಮಗು ಕಳೆದುಕೊಂಡ ರಾಣಿಯ ಆಟ. ರಾಣಿಯ ವೇಷ ಚೆನ್ನಿಗನ ತಾಯಿ ಮಾಳಮ್ಮನದು. ಶ್ರುತಿ ಓಬಜ್ಜನದು. ಮಾಳಮ್ಮ ಗುಳಿಯ ಮೂಲೆಯಲ್ಲಿ ಜೋಳಿಗೆ ಕಟ್ಟಿ ಕೂಸನ್ನು ಮಲಗಿಸಿದಳು. ಹಾಲನ್ನ ಕಲಸಿ, ಬಟ್ಟಲಿನ ಮೇಲೆ ಎಲೆ ಮುಚ್ಚಿ ಪಕ್ಕದಲ್ಲಿಟ್ಟಳು. "ಆಟ ಮುಗಿಸಿ ಬಂದು ಉಣಿಸ್ತೀನಿ ಕಂದ," ಎಂದು ಹೇಳಿ ರಂಗ ಹತ್ತಿದಳು.

ಆ ರಾಜ್ಯದ ರಾಜ ಧವಳಾಂಗನಿಗೆ ಸಾವೆಂದರೆ ಬಹಳ ಭಯ. ಅವನ ಪಕ್ಕದಲ್ಲಿ ಕೂತಿದ್ದ ಮಂತ್ರವಾದಿ ತಿಮಿರಾಕ್ಷ ಕಿವಿಯಲ್ಲಿ ಹೇಳಿದ: "ಮಹಾಪ್ರಭು, ಇವತ್ತು ಹೊತ್ತು ಮುಳುಗಿದರೆ ಈ ಸಭೆಯಲ್ಲಿ ಒಂದು ಜೀವ ಹೋಗುತ್ತದೆ. ಅದು ತಮ್ಮದೇ ಇರಬೇಕು. ಆಟ ಮುಗಿಯದಿದ್ದರೆ ಹೊತ್ತು ಮುಳುಗದ ಹಾಗೆ ನಾನು ಕಟ್ಟು ಹಾಕಬಲ್ಲೆ. ತಾವು 'ಮತ್ತೊಮ್ಮೆ' ಎಂದರೆ ಸಾಕು." ರಾಜ ಒಪ್ಪಿದ. ತಿಮಿರಾಕ್ಷ ಅನೇಕ ಆಟ ನೋಡಿದ್ದವನು, ಮಂಗಳಕ್ಕೆ ಗುರುತು ಎಲ್ಲಿಂದ ಬರುತ್ತದೆಂದು ಅವನಿಗೆ ಗೊತ್ತಿತ್ತು. "ಒಂದು ಸ್ವರ ಊದೋದಕ್ಕೆ ಒಬ್ಬ ಆಳು ಬೇಕಾ?" ಎಂದು ಓಬಜ್ಜನನ್ನು ಎಳೆಸಿ ಹಾಕಿದ. ಅವನ ಜಾಗದಲ್ಲಿ ಕರಿಜೇನಿನ ಒಂದು ಹುಟ್ಟಿ ತೂಗುಹಾಕಿದ. ಜೇನಿಗೆ ಉಸಿರು ಕಟ್ಟುವುದಿಲ್ಲ, ದಣಿವಾಗುವುದಿಲ್ಲ. ಅದು ಸುಮ್ಮನಾಗುವುದೂ ಇಲ್ಲ. ಅಂದಿನಿಂದ ಆ ರಂಗದಲ್ಲಿ ಆ ಮೌನ ಬರಲಿಲ್ಲ, ಮಂಗಳ ಹಾಡಲಿಲ್ಲ, ಆಟ ಮುಗಿಯಲಿಲ್ಲ. ಜೇನು ಓಬಜ್ಜನ ಕಣ್ಣನ್ನೂ ಗಂಟಲನ್ನೂ ಕಚ್ಚಿ ಕೆಡಿಸಿದವು. ಅಜ್ಜ ತಡವರಿಸಿಕೊಂಡು ಜೋಳಿಗೆಯಿಂದ ಕೂಸನ್ನು ತೆಗೆದು ಸೆರಗಿನಂತೆ ಪಂಚೆಯಲ್ಲಿ ಸುತ್ತಿಕೊಂಡು ಗಡಿ ದಾಟಿದ.

"ರಂಗದ ಮುಂದಿನಿಂದ ಆಟ ನೋಡಿದವರು ಅವನ ಕಟ್ಟಿಗೆ ಬೀಳ್ತಾರೆ. ರಂಗ ಹತ್ತಿದವರೂ ಬೀಳ್ತಾರೆ," ಎಂದ ಅಜ್ಜ. "ಮದ್ದಳೆಯವನು ಕುಣಿಯೋರನ್ನ ನೋಡ್ಕೊಂಡೇ ಬಾರಿಸ್ಬೇಕು, ಅದಕ್ಕೆ ಅವನೂ ಬಿದ್ದ. ಶ್ರುತಿಯವನು ಯಾರನ್ನೂ ನೋಡ್ಬೇಕಾಗಿಲ್ಲ. ನೀನು ಆ ಮೂಲೇಲಿ ಕೂತ್ಕೊಂಡು, ಜೇನಿನ ಕೈಯಿಂದ ಶ್ರುತಿ ಈಸ್ಕೊಂಡು, ಕೊನೇ ಹಾಡಾದ ಮೇಲೆ ಸುಮ್ಮನಾಗ್ಬೇಕು. ರಾಜ 'ಮತ್ತೊಮ್ಮೆ' ಅನ್ನೋದ್ರೊಳಗೆ. ಅಷ್ಟೇ."

"ನಡುವೆ ಉಸಿರು ಕಡಿದ್ರೆ, ಅಜ್ಜ?"

"ಅಲ್ಲಿ ಹಾಡೋರು ಶ್ರುತಿಯ ಮೇಲೇ ಬದುಕಿದ್ದಾರೆ. ಹಾಡಿನ ನಡುವೆ ಶ್ರುತಿ ಕಡಿದ್ರೆ ಅವರ ಉಸಿರೂ ಕಡಿಯುತ್ತೆ. ನಿನ್ನಮ್ಮಂದೂ." ಅಜ್ಜ ಅವನ ಮೊಣಕೈ ಹಿಡಿದು ಹೇಳಿದ: "ಗುಳಿಯ ಮೂರು ಮಾತು ಮರೀಬೇಡ. ಉಸಿರು ಕಡೀಬೇಡ. ಹಿಂದೆ ತಿರುಗಬೇಡ. ರಂಗ ಹತ್ತಬೇಡ."

"ಅಮ್ಮನ ಗುರುತು ಹೇಗೆ ಹಿಡೀಲಿ?"

"ಕಾಲಿಂದ ಹಿಡಿ. ಹಾಡು ಎತ್ತೋಕೆ ಮುಂಚೆ ಎಡಗಾಲ ಹಿಮ್ಮಡೀನ ಹಲಗೆಗೆ ಮೆಲ್ಲಗೆ ಎರಡು ಸಲ ತಟ್ತಾಳೆ. ನನಗೆ ಮಾತ್ರ ಕೇಳೋ ಹಾಗೆ. 'ಓಬಣ್ಣ, ಶುರು ಮಾಡ್ತೀನಿ' ಅಂತ."

ಗಡಿಕಲ್ಲಿನ ತನಕ ಅಜ್ಜ ಚೆನ್ನಿಗನ ಹೆಗಲು ಹಿಡಿದು ಬಂದ. ಅಲ್ಲಿ ಕಲ್ಲಿಗೆ ಕಿವಿಯಾನಿಸಿ ಕೂತ. ಚೆನ್ನಿಗ ಬುರುಡೆಯನ್ನು ಕಂಕುಳಲ್ಲಿಟ್ಟುಕೊಂಡು ಗಡಿ ದಾಟಿದ. ನೆತ್ತಿಯ ಮೇಲಿದ್ದ ಬಿಸಿಲು ಒಂದೇ ಹೆಜ್ಜೆಗೆ ಕೆಂಪಾಯಿತು.

ದಾರಿಯಲ್ಲಿ ಎಲ್ಲದರ ನೆರಳೂ ಉದ್ದವಾಗಿ ಬಿದ್ದಿತ್ತು. ಹಸುಗಳು ಧೂಳೆಬ್ಬಿಸುತ್ತ ಊರ ಕಡೆ ಬರುತ್ತಿದ್ದವು. ಒಂದು ಮನೆಯ ಬಾಗಿಲಲ್ಲಿ ಹೆಂಗಸೊಬ್ಬಳು ದೀಪ ಹಚ್ಚಲು ಬತ್ತಿ ಹೊಸೆಯುತ್ತಿದ್ದಳು. ಪುಟ್ಟ ಹುಡುಗಿಯೊಬ್ಬಳು ಅವಳ ಸೀರೆ ಎಳೆದು, "ಅಮ್ಮಾ, ಹಸಿವು," ಎಂದಳು. "ಆಟ ಮುಗೀಲಿ ಪುಟ್ಟಿ. ಅಪ್ಪ ಬರ್ಲಿ, ಉಣ್ಣೋಣ," ಎಂದಳು ತಾಯಿ.

ಅಷ್ಟರಲ್ಲಿ ಅರಮನೆಯ ಕಡೆಯಿಂದ ಒಂದು ಬಳಲಿದ ದನಿ ಬಂತು. "ಮತ್ತೊಮ್ಮೆ."

ಹಸುಗಳು ತಲೆಯೆತ್ತಿದವು. ಮುಂದಿಟ್ಟ ಕಾಲು ಹಿಂದಿಡುತ್ತ, ಹಿಂದಿಡುತ್ತ, ಬಂದ ದಾರಿಯಲ್ಲೇ ಬೆನ್ನುಮುಂದಾಗಿ ಕೆರೆಯ ಕಡೆ ನಡೆದವು. ಎದ್ದ ಧೂಳು ನೆಲಕ್ಕೆ ಇಳಿದು ಅಂಟಿಕೊಂಡಿತು. ಬತ್ತಿ ಹೊಸೆದದ್ದು ಬಿಚ್ಚಿ ಹತ್ತಿಯಾಯಿತು. ಆಮೇಲೆ ಎಲ್ಲವೂ ಮತ್ತೆ ಶುರುವಾದವು. ಹಸುಗಳು ಬಂದವು, ಹೆಂಗಸು ಬತ್ತಿ ಹೊಸೆದಳು, ಹುಡುಗಿ ಸೀರೆ ಎಳೆದು "ಅಮ್ಮಾ, ಹಸಿವು," ಎಂದಳು. ಅವಳ ಹೊಟ್ಟೆ ಬೆನ್ನಿಗೆ ಹತ್ತಿತ್ತು. ಚೆನ್ನಿಗನಿಗೆ ಅಲ್ಲಿಂದಲೇ ಓಡಿಹೋಗಬೇಕೆನಿಸಿತು. ಆ ರಾಜ್ಯದಲ್ಲಿ ಅಷ್ಟು ವರ್ಷಗಳಿಂದ ಯಾರೂ ರಾತ್ರಿಯ ಊಟ ಮಾಡಿರಲಿಲ್ಲ.

ಅರಮನೆಯ ರಂಗಮಂದಿರದ ಹೆಬ್ಬಾಗಿಲು ತೆರೆದೇ ಇತ್ತು. ಕಾಣೆಯಾದ ವ್ಯಾಪಾರಿಗಳು, ಸೈನಿಕರು ಎಲ್ಲ ಬಾಗಿಲಲ್ಲೇ ಕತ್ತು ಚಾಚಿ ನಿಂತಿದ್ದರು. ಒಬ್ಬರೂ ರೆಪ್ಪೆ ಬಡಿಯುತ್ತಿರಲಿಲ್ಲ. ವ್ಯಾಪಾರಕ್ಕೆ ಬಂದವರು, ಅವರನ್ನು ಹುಡುಕಲು ಬಂದವರು, ಎಲ್ಲರೂ ಒಂದು ಗಳಿಗೆ ಆಟ ನೋಡೋಣವೆಂದು ನಿಂತು ಹಾಗೇ ಉಳಿದವರು. ಚೆನ್ನಿಗ ಆ ಬಾಗಿಲಿಗೆ ಹೋಗಲಿಲ್ಲ. ಯಾವ ರಂಗಮಂದಿರದಲ್ಲೂ ಗುಳಿಯವರಿಗೆ ಬೇರೆ ಬಾಗಿಲಿರುತ್ತದೆ, ಹಿತ್ತಲ ಕಡೆ, ತಲೆತಗ್ಗಿಸಿ ನುಗ್ಗುವಂಥದ್ದು. ಅದನ್ನು ತಿಮಿರಾಕ್ಷ ಮುಚ್ಚಿಸಿರಲಿಲ್ಲ. ಆ ಬಾಗಿಲು ಇದೆಯೆಂದೇ ಅವನಿಗೆ ನೆನಪಿರಲಿಲ್ಲ.

ಗುಳಿಯೊಳಗೆ ಮಬ್ಬು. ಮದ್ದಳೆಯವನು ಬಾರಿಸುತ್ತಿದ್ದ, ಅವನ ಅಂಗೈ ಹರಿದು ಮದ್ದಳೆಯ ಚರ್ಮ ಕೆಂಪಾಗಿತ್ತು. ತಾಳದವನ ತಾಳಗಳು ಸವೆದು ಎಲೆಯಷ್ಟು ತೆಳ್ಳಗಾಗಿದ್ದವು. ಇಬ್ಬರೂ ಅವನತ್ತ ನೋಡಲಿಲ್ಲ. ಮೂಲೆಯಲ್ಲಿ ಖಾಲಿ ಜೋಳಿಗೆ. ಅದರ ಕೆಳಗೆ ಎಲೆ ಮುಚ್ಚಿದ ಬಟ್ಟಲು. ಚೆನ್ನಿಗ ಅದನ್ನು ಮುಟ್ಟಿ ನೋಡಿದ. ಬಟ್ಟಲು ಇನ್ನೂ ಬೆಚ್ಚಗಿತ್ತು.

ಜೋಳಿಗೆಯ ಗೂಟಕ್ಕೇ ಹುಟ್ಟಿ ನೇತಾಡುತ್ತಿತ್ತು. ಅದರ ಮೇಲೆ ಕರಿಜೇನು ಒಂದರ ಮೇಲೊಂದು ಹರಿದಾಡುತ್ತ ಗುಂಯ್ ಎನ್ನುತ್ತಿದ್ದವು. ಚೆನ್ನಿಗ ಅದರ ಪಕ್ಕ ಕೂತು ಬುರುಡೆಗೆ ಬಾಯಿಟ್ಟ.

ಅವನು ತನ್ನ ಸ್ವರವನ್ನು ಜೇನಿನ ಸ್ವರದ ಪಕ್ಕಕ್ಕೆ ತಂದು ನಿಲ್ಲಿಸಿದ. ಎರಡೂ ಕೂಡದೆ ಗಾಳಿ ಜೋರಾಗಿ ನಡುಗಿತು. ಜೇನಿಗೆ ಅದನ್ನು ಸಹಿಸಲಾಗಲಿಲ್ಲ. ಅವು ಎದ್ದು ಬಂದು ಅವನ ಹಣೆಗೆ ಕಚ್ಚಿದವು, ರೆಪ್ಪೆಗೆ ಕಚ್ಚಿದವು, ಕೊಳವೆ ಹಿಡಿದ ತುಟಿಗೆ ಕಚ್ಚಿದವು. ತುಟಿ ಬಾತು ಹಲಸಿನ ತೊಳೆಯಾಯಿತು. ಅವನು ಊದುತ್ತಲೇ ಸ್ವರವನ್ನು ಕೂದಲೆಳೆಯಷ್ಟು ಏರಿಸಿದ, ಅರ್ಧ ಕೂದಲೆಳೆಯಷ್ಟು ಇಳಿಸಿದ. ನಡುಕ ನಿಧಾನವಾಯಿತು. ಇನ್ನೂ ನಿಧಾನವಾಯಿತು. ಆಮೇಲೆ ನಿಂತೇಹೋಯಿತು. ಈಗ ಕೇಳುತ್ತಿರುವುದು ಜೇನೋ ಬುರುಡೆಯೋ ಹೇಳುವ ಹಾಗಿರಲಿಲ್ಲ. ಜೇನಿಗೂ ತಿಳಿಯಲಿಲ್ಲ. ತಮ್ಮ ದನಿ ತಮಗೇ ಕೇಳದೆ, ತಮ್ಮ ಕೆಲಸ ಮುಗಿಯಿತೆಂದುಕೊಂಡು ಅವು ಒಂದೊಂದಾಗಿ ರೆಕ್ಕೆ ಮಡಚಿದವು. ಹುಟ್ಟಿ ಕಲ್ಲಾಯಿತು. ಆ ರಂಗದ ಉಸಿರೆಲ್ಲ ಈಗ ಚೆನ್ನಿಗನ ಎರಡು ಕೆನ್ನೆಯಲ್ಲಿತ್ತು.

ರಂಗದ ಹಲಗೆಯ ಮೇಲೆ ಎರಡು ಪಾದಗಳು ಬಂದು ನಿಂತವು. ಎಡಗಾಲ ಹಿಮ್ಮಡಿ ಮೆಲ್ಲಗೆ ಎರಡು ಸಲ ತಟ್ಟಿತು. ಮಾಳಮ್ಮ ಹಾಡು ಎತ್ತಿದಳು.

ಆ ದನಿ ಕೇಳಿ ಚೆನ್ನಿಗನ ಬಾತ ಕಣ್ಣುಗಳಿಂದ ನೀರು ಇಳಿಯಿತು. ಅದು ಚಿಕ್ಕ ವಯಸ್ಸಿನ ದನಿ. ತನಗಿಂತ ಚಿಕ್ಕವಳ ದನಿ.

ಜೇನಿಗೂ ಮನುಷ್ಯನ ಉಸಿರಿಗೂ ಇರುವ ವ್ಯತ್ಯಾಸ ಸಭೆಯಲ್ಲಿ ಒಬ್ಬನಿಗೆ ಗೊತ್ತಾಯಿತು. ರಾಜನ ಪಕ್ಕದಲ್ಲಿದ್ದ ತಿಮಿರಾಕ್ಷ ಕಿವಿ ನಿಮಿರಿಸಿದ. ತಾನೇ ಎದ್ದು ಬಂದು ಗುಳಿಗೆ ಇಳಿಯುವ ಹಾಗಿರಲಿಲ್ಲ. ಕೂತು ಕಟ್ಟಿದ ಕಟ್ಟು ಅದು, ಆಸನ ಬಿಟ್ಟರೆ ಬಿಚ್ಚಿಕೊಳ್ಳುತ್ತದೆ. ಅವನು ಕೂತಲ್ಲೇ ತುಟಿಯಲ್ಲಿ ಮಂತ್ರ ಮಣಮಣಿಸಿದ.

ಚೆನ್ನಿಗನ ಬೆನ್ನ ಹಿಂದೆ ಕಂಬಳಿ ಎಳೆದಂಥ ಸದ್ದಾಯಿತು. ಏನೋ ಒಂದು ಮೃಗ ಜನರ ಕಾಲುಗಳ ನಡುವೆ ನುಸುಳಿ ಬಂದು ಗುಳಿಯ ಅಂಚಿನಲ್ಲಿ ಕೂತಿತು. ಅದರ ಒದ್ದೆ ಮೂಗು ಅವನ ಕತ್ತಿಗೆ ತಗುಲಿತು. ಬಾಯಿಯ ವಾಸನೆ ಹಳೆಯ ಗುಹೆಯದು. ಅದು ಬಾಯಿ ತೆರೆದು ಮಾತಾಡಿತು, ಮಾತಾಡಿದ್ದು ಓಬಜ್ಜನ ದನಿಯಲ್ಲಿ.

"ಮಗಾ, ನಿನ್ನ ಹಿಂದೇನೇ ಬಂದೆ ಕಣೋ. ಇದು ನನ್ನ ಹಿಡ್ಕೊಂಡಿದೆ. ಒಂದ್ಸಲ ತಿರುಗೋ. ನೀನು ತಿರುಗಿದ್ರೆ ಬಿಡುತ್ತಂತೆ."

ಅದು ಮೋಸವೆಂದು ಚೆನ್ನಿಗನಿಗೆ ತಿಳಿದಿತ್ತೆಂದು ನೀವು ಅಂದುಕೊಂಡಿರಬಹುದು. ತಿಳಿದಿರಲಿಲ್ಲ. ದನಿ ಅಜ್ಜನದೇ, ಕೆಮ್ಮು ಅಜ್ಜನದೇ. ಮೂಳೆ ಮುರಿದ ಸದ್ದೂ ಕೇಳಿತು, "ಅಯ್ಯೋ ಮಗಾ" ಎಂದದ್ದೂ ಕೇಳಿತು. ಸಾಕಿದ ಮುದುಕ ಹಿಂದೆ, ಹೆತ್ತ ತಾಯಿ ಮುಂದೆ, ನಡುವೆ ಅವನ ಉಸಿರು. ತಿರುಗಿದರೆ ಸಭೆಯ ಜನರಲ್ಲಿ ತಾನೂ ಒಬ್ಬನಾಗುತ್ತಾನೆ, ಇಬ್ಬರೂ ಉಳಿಯುವುದಿಲ್ಲ. ಅವನು ಅಳುತ್ತಲೇ ಊದಿದ. ಅಳುವಾಗ ಮೂಗು ಕಟ್ಟುತ್ತದೆ, ಮೂಗು ಕಟ್ಟಿದರೆ ಶ್ರುತಿಯವನು ಸತ್ತ ಹಾಗೆ. ಒಂದು ಹೊಳ್ಳೆ ಕಟ್ಟಿತು. ಉಳಿದ ಒಂದೇ ಹೊಳ್ಳೆಯಿಂದ ಗಾಳಿ ಎಳೆದುಕೊಂಡು ಸ್ವರ ಹಿಡಿದ. ಬಹಳ ಹೊತ್ತಿನ ಮೇಲೆ ಬೆನ್ನ ಹಿಂದಿನ ಬಿಸಿ ತಣ್ಣಗಾಯಿತು. ಮೃಗ ಹೋಯಿತೋ, ಅಲ್ಲೇ ಕಾದು ಕೂತಿತೋ, ಅವನು ನೋಡಲಿಲ್ಲ.

ತಿಮಿರಾಕ್ಷ ಮತ್ತೊಂದು ಮಂತ್ರ ಹಾಕಿದ. ರಂಗದ ತುದಿಗೆ ಗೆಜ್ಜೆ ಕಟ್ಟಿದ ಎರಡು ಪಾದಗಳು ಬಂದು ನಿಂತವು. ರಾಣಿಯ ಸೀರೆಯ ಅಂಚು, ರಾಣಿಯ ಕಾಲುಂಗುರ.

"ಕಂದ," ಎಂದಿತು ಮೇಲಿನಿಂದ ಒಂದು ಮೆತ್ತನೆಯ ದನಿ. "ಎಷ್ಟು ವರ್ಷ ಆಯ್ತೋ. ಆ ಕತ್ತಲೇಲಿ ಯಾಕೆ ಕೂತಿದ್ದೀಯ? ಯಾರೂ ನಿನ್ನ ನೋಡ್ಲೇ ಇಲ್ಲ ಅಲ್ವಾ? ಮೇಲೆ ಬಾ. ಇಲ್ಲಿ ಬೆಳಕಿದೆ. ಎಲ್ಲರೂ ನಿನ್ನನ್ನೇ ನೋಡ್ತಾರೆ. ಕೈ ಕೊಡು, ಎತ್ಕೋತೀನಿ."

ಕೆಳಗೆ ಒಂದು ಕೈ ಚಾಚಿತು. ಚೆನ್ನಿಗನ ಬೆರಳು ಬುರುಡೆಯನ್ನು ಬಿಟ್ಟು ಅರ್ಧ ಮೇಲೆದ್ದವು. ತಾಯಿ ಎತ್ತಿಕೊಳ್ಳುತ್ತೇನೆಂದರೆ ನರೆ ಬಂದ ಮಗನಿಗೂ ಆಸೆಯಾಗುತ್ತದೆ. ಆದರೆ ಅವನು ಕೈ ನೋಡಿ ಕಲಿತವನಲ್ಲ, ಕಾಲು ನೋಡಿ ಕಲಿತವನು. ಆ ಪಾದಗಳ ಕೆಳಗೆ ಹಲಗೆಯ ಧೂಳು ಕದಲಿರಲಿಲ್ಲ. ಹಿಮ್ಮಡಿಗಳು ಮುಂದಕ್ಕೂ ಬೆರಳುಗಳು ಹಿಂದಕ್ಕೂ ಇದ್ದವು.

ಅವನು ಬೆರಳುಗಳನ್ನು ಮತ್ತೆ ಬುರುಡೆಯ ಮೇಲಿಟ್ಟ. ಆ ಪಾದಗಳು ಸ್ವಲ್ಪ ಹೊತ್ತು ನಿಂತು, ಮಂಜಿನ ಹಾಗೆ ಹಲಗೆಯೊಳಕ್ಕೆ ಇಂಗಿಹೋದವು.

ಆಟ ಕೊನೆಗೆ ಬಂತು. ಕಾಡೆಲ್ಲ ಅಲೆದ ರಾಣಿಗೆ ಮಗು ಸಿಗುವ ಹಾಡು. ನಿಜವಾದ ಪಾದಗಳು ರಂಗದ ಅಂಚಿಗೆ ಬಂದವು, ಎಡ ಹಿಮ್ಮಡಿ ಎರಡು ಸಲ ತಟ್ಟಿತು. ಮಾಳಮ್ಮ ಹಾಡುತ್ತ ಮಂಡಿಯೂರಿ ಮರದ ಗೊಂಬೆಯೊಂದನ್ನು ಎತ್ತಿಕೊಂಡಳು. ಮಂಡಿಯೂರಿದ್ದರಿಂದ ಗೊಂಬೆ ಚೆನ್ನಿಗನಿಗೆ ಕಂಡಿತು. ಅದಕ್ಕೆ ಮುಖವಿರಲಿಲ್ಲ. ಅಷ್ಟು ವರ್ಷಗಳ ಮುತ್ತಿಗೆ ಕಣ್ಣು ಮೂಗು ಬಾಯಿ ಎಲ್ಲ ಸವೆದು ಬರೀ ಮರ ಉಳಿದಿತ್ತು. "ಸಿಕ್ಕಿದೆಯಾ ಕಂದ, ಸಿಕ್ಕಿದೆಯಾ," ಎಂದು ಅವಳು ಆ ಮರಕ್ಕೆ ಇನ್ನೊಂದು ಮುತ್ತು ಕೊಟ್ಟಳು. ಹಾಡಿನ ಕೊನೆಯ ಅಕ್ಷರ ಇಳಿಯಿತು.

ಚೆನ್ನಿಗ ಕೊಳವೆಯಿಂದ ತುಟಿ ತೆಗೆದ.

ಮೌನ.

ಹೊಂಗಿರಿಯಲ್ಲಿ ಅಷ್ಟು ಕಾಲದಿಂದ ಯಾರೂ ಮೌನ ಕೇಳಿರಲಿಲ್ಲ. ರಾಜ ಧವಳಾಂಗ ಅಭ್ಯಾಸದಂತೆ ಬಾಯಿ ತೆರೆದ. ಆ ಗುಂಯ್ ಸದ್ದಿಲ್ಲದ ಗಾಳಿಯಲ್ಲಿ ದೂರದ ಬೀದಿಯಿಂದ ಒಂದು ಪುಟ್ಟ ದನಿ ಅವನ ಕಿವಿಗೆ ಬಿತ್ತು.

"ಅಮ್ಮಾ, ಹಸಿವು."

ರಾಜ ಅದನ್ನು ಕೇಳಿದ. ಇದೇ ಮೊದಲ ಸಲ ಕೇಳಿದ. ತನ್ನ ಜೀವದ ಮೇಲೆ ಅವನಿಗೆ ಆಸೆ ಇರಲಿಲ್ಲವೆಂದಲ್ಲ, ಬೇಕಾದಷ್ಟಿತ್ತು. ಆದರೂ ಅವನು ತೆರೆದ ಬಾಯಿ ಮುಚ್ಚಿದ.

"ಹೇಳಿ ಪ್ರಭು, ಹೇಳಿ," ಎಂದ ತಿಮಿರಾಕ್ಷ. ರಾಜ ಹೇಳಲಿಲ್ಲ. ಮಂತ್ರವಾದಿಗೆ ಬುದ್ಧಿ ಕೈಕೊಟ್ಟಿತು. ಅವನು ಆಸನದಿಂದ ಧಡಕ್ಕನೆ ಎದ್ದು ನಿಂತು, "ಮತ್ತೊಮ್ಮೆ!" ಎಂದು ತಾನೇ ಕೂಗಿದ.

ಅವನು ಎದ್ದ ಕೂಡಲೇ ಕಟ್ಟು ಬಿಚ್ಚಿತು. ರಂಗದ ಮೇಲೆ ಮಾಳಮ್ಮ ಗೊಂಬೆಯನ್ನು ಕೆಳಗಿಟ್ಟು, ನಿದ್ದೆಯಿಂದ ಎದ್ದವಳ ಹಾಗೆ ಸುತ್ತ ನೋಡಿ, ಕೈಮುಗಿದಳು. ಗುಳಿಯ ಮೂಲೆಯಿಂದ ಶ್ರುತಿ ಮತ್ತೆ ಎದ್ದಿತು, ಈ ಸಲ ಮಂಗಳಕ್ಕೆಂದು. ಅವಳು ಮಂಗಳ ಹಾಡಿದಳು. ಮಂಗಳ ಶುರುವಾದ ಮೇಲೆ ಮತ್ತೊಮ್ಮೆ ಎನ್ನುವ ಹಕ್ಕು ರಾಜನಿಗೂ ಇಲ್ಲ, ಮಂತ್ರವಾದಿಗೂ ಇಲ್ಲ.

ಪಡುವಣ ಗುಡ್ಡದ ಮೇಲಿದ್ದ ಸೂರ್ಯ ಕದಲಿದ. ಬೆಳಕು ಮೊದಲು ನೆಲದಿಂದ ಹೋಯಿತು. ಹೋಗುವಾಗ ತಿಮಿರಾಕ್ಷನ ಪಾದಗಳನ್ನೂ ಜೊತೆಗೆ ತೆಗೆದುಕೊಂಡುಹೋಯಿತು. ಆಮೇಲೆ ಮೊಣಕಾಲು, ಆಮೇಲೆ ಸೊಂಟ. ಕತ್ತಲು ಎಷ್ಟು ಮೇಲೇರಿತೋ ಅಷ್ಟೂ ಅವನು ಇಲ್ಲವಾದ. ಕತ್ತಲಾದರೆ ಹೋಗಬೇಕಾಗಿದ್ದ ಜೀವ ಅವನದೇ, ಅದು ಅವನಿಗೆ ಮೊದಲಿನಿಂದಲೂ ಗೊತ್ತಿತ್ತು. ಕೊನೆಗೆ ಎರಡು ಕಣ್ಣು ಮಾತ್ರ ಉಳಿದು, ಅವೂ ಆರಿದವು. ಆಸನದ ಮೇಲೆ ಒಂದು ಹಿಡಿ ಬೂದಿ ಉಳಿಯಿತು. ಹೊರಗೆ ಒಂದು ನಕ್ಷತ್ರ ಮೂಡಿತು.

ರಾಜ ತನ್ನ ಎದೆಯನ್ನು ತಾನೇ ಮುಟ್ಟಿ ನೋಡಿಕೊಂಡ. ವ್ಯಾಪಾರಿಗಳು ಕತ್ತು ಉಜ್ಜಿಕೊಂಡರು. ಮದ್ದಳೆಯವನು ಅಂಗೈ ನೋಡಿಕೊಂಡು, "ಇವತ್ತು ಆಟ ಸ್ವಲ್ಪ ಉದ್ದ ಆಯ್ತು ಕಣಯ್ಯ," ಎಂದು ಗೊಣಗಿದ.

ಮಾಳಮ್ಮ ರಂಗದಿಂದ ನೇರ ಗುಳಿಗೆ ಧುಮುಕಿದಳು. ಜೋಳಿಗೆಗೆ ಕೈಹಾಕಿದಳು. ಬರಿದಾಗಿತ್ತು.

"ನನ್ನ ಕೂಸೆಲ್ಲಿ? ಓಬಣ್ಣ ಎಲ್ಲಿ? ಈಗ ತಾನೇ ಮಲಗಿಸಿ ಹೋಗಿದ್ನಲ್ಲ," ಎಂದು ಮೂಲೆಯಲ್ಲಿದ್ದವನನ್ನು ಹಿಡಿದು ಅಲುಗಾಡಿಸಿದಳು. "ಯಾರಪ್ಪ ನೀನು? ನನ್ನ ಮಗ ಎಲ್ಲಿ ಹೇಳು."

ಚೆನ್ನಿಗನ ತುಟಿ ಬಾತಿತ್ತು, ಕೆನ್ನೆ ಜೋತಿತ್ತು, ತಲೆಯಲ್ಲಿ ನರೆ. ಈ ಮೋರೆ ಹೊತ್ತುಕೊಂಡು ನಾನೇ ನಿನ್ನ ಕೂಸು ಎಂದರೆ ಯಾವ ತಾಯಿ ನಂಬುತ್ತಾಳೆ? ಏನು ಮಾಡಬೇಕೆಂದು ತೋಚದೆ ಅವನು ಎಡಗಿವಿಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ನಿಂತ.

ಮಾಳಮ್ಮನ ಕೈ ಸಡಿಲವಾಯಿತು. ಆ ಬೆರಳುಗಳನ್ನೇ ನೋಡಿದಳು. ನಿದ್ದೆ ಬರುವ ತನಕ ಹೀಗೇ ಕಿವಿ ಹಿಡಿದುಕೊಂಡಿರುತ್ತಿತ್ತು ಅವಳ ಕೂಸು, ಬಿಡಿಸಿದರೆ ಮತ್ತೆ ಹಿಡಿದುಕೊಳ್ಳುತ್ತಿತ್ತು. ಅವಳು ಮೆಲ್ಲಗೆ ಅವನ ಬೆರಳು ಬಿಡಿಸಿದಳು. ಅವು ಮತ್ತೆ ಹೋಗಿ ಕಿವಿ ಹಿಡಿದವು.

ಅವಳು ಅಲ್ಲೇ ಕುಸಿದು ಕೂತು ಅತ್ತಳು. ಹೋದ ವರ್ಷಗಳಿಗೆಲ್ಲ ಒಟ್ಟಿಗೆ ಅತ್ತಳು. ಚೆನ್ನಿಗನೂ ಅತ್ತ. ಈಗ ಮೂಗು ಕಟ್ಟಿದರೂ ಭಯವಿರಲಿಲ್ಲ. ಅತ್ತು ಮುಗಿದ ಮೇಲೆ ಅವಳು ಸೆರಗಿನಿಂದ ಬಣ್ಣ ಒರೆಸಿಕೊಂಡಳು. ಚೆನ್ನಿಗ ಆ ಮುಖವನ್ನು ಅದೇ ಮೊದಲು ನೋಡಿದ.

"ಹಸಿದಿದ್ದೀಯೇನೋ?" ಎಂದಳು ಮಾಳಮ್ಮ.

"ಹ್ಞೂ," ಎಂದ ಚೆನ್ನಿಗ.

ಅವಳು ಬಟ್ಟಲ ಮೇಲಿನ ಎಲೆ ತೆಗೆದಳು. ಹಾಲನ್ನ ಆಗತಾನೇ ಆರಲು ಶುರುವಾಗಿತ್ತು. ಬಾತ ತುಟಿಗೆ ನೋವಾಗದ ಹಾಗೆ ಸಣ್ಣ ಸಣ್ಣ ತುತ್ತು ಮಾಡಿ ಉಣಿಸಿದಳು.

ಗಡಿಕಲ್ಲಿಗೆ ಕಿವಿಯಿಟ್ಟು ಕೂತಿದ್ದ ಓಬಜ್ಜನಿಗೆ ಒಳಗಿನ ಸದ್ದು ನಿಂತದ್ದು ಕೇಳಿತ್ತು. ಅವನ ಮೈಮೇಲೆ ಒಂದು ಗಾಯವೂ ಇರಲಿಲ್ಲ. ತಾಯಿ ಮಗ ಹೋಗಿ ಅವನನ್ನು ಕರೆತಂದರು. ಮಗನಿಗೆ ನರೆ, ತಾಯಿಗಿಲ್ಲ. ನೋಡಿದವರು ಅಕ್ಕತಮ್ಮ ಎನ್ನಲೂ ಆಗದೆ, ಅಣ್ಣತಂಗಿ ಎಂದುಬಿಡುತ್ತಿದ್ದರು. ಮಾಳಮ್ಮ ಅವರನ್ನು ಸರಿಯಾಗಿ ಬೈಯುತ್ತಿದ್ದಳು. ರಾಜ ಧವಳಾಂಗ ಬಹಳ ಕಾಲ ಬದುಕಿ, ತನ್ನ ಹೊತ್ತು ಬಂದಾಗ ಸದ್ದಿಲ್ಲದೆ ಹೋದ. ಗುಳಿಯವರ ಬಾಗಿಲನ್ನು ಮಾತ್ರ ಅದಕ್ಕೂ ಮುಂಚೆ ತಲೆ ತಗ್ಗಿಸದೆ ಬರುವಷ್ಟು ಎತ್ತರ ಮಾಡಿಸಿದ್ದ.

ಆ ಸಂಜೆ ಹೊಂಗಿರಿಯ ಮನೆಮನೆಯಲ್ಲೂ ದೀಪ ಹತ್ತಿತು. ಪುಟ್ಟಿ ಅಪ್ಪನ ತೊಡೆಯ ಮೇಲೆ ಕೂತು ಮೂರು ಸಲ ಬಡಿಸಿಕೊಂಡು ಉಂಡಳು. ಹಸುಗಳು ಕೊಟ್ಟಿಗೆ ಸೇರಿದವು. ಎಲ್ಲರೂ ಹೊಟ್ಟೆ ತುಂಬ ಉಂಡು, ಕತ್ತಲಲ್ಲಿ ಕಣ್ಣು ತುಂಬ ನಿದ್ದೆ ಮಾಡಿ, ಬೆಳಗಾದ ಮೇಲೆ ಎದ್ದರು. ಇವತ್ತಿಗೂ ಹಾಗೆಯೇ ಮಾಡುತ್ತಿದ್ದಾರೆ.